ಬೆಳಕಿನ ಗೆರೆಯಲ್ಲೊಂದು ತಗ್ಗು

ಉಕ್ಕಿನ ಶಾಫ್ಟಿನ ಮೈಮೇಲೆ ಗೀರು, ಇಲ್ಲ, ಗೀರಲ್ಲ, ಎಣ್ಣೆ, ಬಟ್ಟೆಯಲ್ಲಿ ಒರೆಸಿದರೆ ಹೋಯಿತು — ಎರಡು ವರ್ಷದ ಹಿಂದೆ ಆ ನಕ್ಷತ್ರವೂ ಹೀಗೇ ಮೋಸ ಮಾಡಿದ್ದು, ಶಶಿಕಲಾ ಇನ್ನೊಂದು ಶಾಫ್ಟ್ ಎತ್ತಿಕೊಂಡಳು, ತುಮಕೂರಿನ ಸತ್ಯಮಂಗಲದ ಈ ಕಾರ್ಖಾನೆ ಶೆಡ್ಡಿನಲ್ಲಿ ಹದಿನಾಲ್ಕು ವರ್ಷದಿಂದ ಗೀರು ಹುಡುಕುವ ಕಣ್ಣು, ಮನೆಯಲ್ಲಿ ಫೋನು ಹಿಡಿದು ನಕ್ಷತ್ರಗಳ ಗ್ರಾಫ್ ನೋಡುವುದೂ ಅದೇ ಕಣ್ಣು, ಬಿಡುವಿದ್ದವರು ಯಾರಾದರೂ ನೋಡಿಕೊಡಿ ಎಂದು ವಿಜ್ಞಾನಿಗಳು ಹಾಕುವ ಗ್ರಾಫ್‌ಗಳು, ನೆಟ್ಟಗೆ ಹೋಗುವ ಬೆಳಕಿನ ಗೆರೆಯಲ್ಲೊಂದು ತಗ್ಗು ಕಂಡರೆ ನಕ್ಷತ್ರದ ಮುಂದೆ ಏನೋ ಹಾದುಹೋಯಿತು ಅಂತ ಲೆಕ್ಕ, ಗ್ರಹವಿರಬಹುದು, ಇನ್ನೊಂದು ನಕ್ಷತ್ರವೇ ಇರಬಹುದು, ಆವತ್ತು ನಕ್ಷತ್ರವೇ ಆಗಿತ್ತು, ಅದು ತಿಳಿಯುವಷ್ಟರಲ್ಲಿ ಗ್ರಹ ಸಿಕ್ಕಿತೆಂದು ಕುಣಿಗಲ್ಲಿನ ತವರಿಗೆಲ್ಲ ಸಾರಿಬಿಟ್ಟಿದ್ದಳು, ಅತ್ತಿಗೆ ಚಿಕ್ಕಗಂಗಮ್ಮ ಮದುವೆಮನೆಯ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ, ಏನೇ ಶಶಿ, ನಿನ್ ಗ್ರಹ ಈಗ ಯಾವ್ ಮನೇಲಿ ಕುಂತದೆ, ಹೋಳಿಗೆ ಎಲೆಯಲ್ಲೇ ಬಿಟ್ಟು ಶಶಿಕಲಾ ಎದ್ದಳು — ಈ ಸಲ ಇನ್ನೊಂದು ತಗ್ಗು ಕಂಡದ್ದನ್ನು ಗಂಡನಿಗೆ ಬಿಟ್ಟು ಯಾರಿಗೂ ಹೇಳಿಲ್ಲ, ಅಂಜನ್‌ಕುಮಾರ್ ಗುಬ್ಬಿ ಬಸ್ಸಿನ ಕಂಡಕ್ಟರ್, ಬೆಳಿಗ್ಗೆ ಡ್ಯೂಟಿಗೆ ಹೊರಡುತ್ತ, ಇದಲ್ದಿದ್ರೆ ಇನ್ನೊಂದು ಬುಡು, ಆಕಾಶದಲ್ಲಿ ಸುಕ್ಕೆಗೇನ್ ಬರವಾ, ಇವಳು, ಹಂಗಲ್ಲ ಕಣ್ರೀ, ಇದೂ ಸುಳ್ಳಾದ್ರೆ ನಾನು ನೋಡೋದೇ ನಿಲ್ಲಿಸ್ತೀನಿ. ನಮ್ಮ ಸೂರ್ಯನಂಥದೇ ನಕ್ಷತ್ರ, ಹನ್ನೊಂದು ದಿನಕ್ಕೊಂದು ತಗ್ಗು, ಬೆಳಕಿನಲ್ಲಿ ನೂರಕ್ಕೆ ಒಂದು ಪಾಲು ಕಡಿಮೆ, ಮೂರು ಸಲ ಎಣಿಸಿದ್ದಳು, ಈಗ ವಿಜ್ಞಾನಿಗಳು ದೊಡ್ಡ ದುರ್ಬೀನಿನಲ್ಲಿ, ಜೊತೆಗಿರುವುದರ ಸೆಳೆತಕ್ಕೆ ಆ ನಕ್ಷತ್ರ ಓಲಾಡುವ ಓಲಾಟ ಅಳೆಯುತ್ತಿದ್ದಾರೆ, ಜೋರಾಗಿ ಓಲಾಡಿದರೆ ಜೊತೆಗಿರುವುದು ನಕ್ಷತ್ರ, ಚೂರೇ ಓಲಾಡಿದರೆ ಗ್ರಹ — ಟೀ ಗಂಟೆ, ಫೋನು, ವಿಜ್ಞಾನಿಗಳ ಮೇಲ್ ಬಂದಿದೆ, ಬೆರಳೆಲ್ಲ ಎಣ್ಣೆ, ಸೀರೆಗೇ ಒರೆಸಿಕೊಂಡಳು, ಸೂಪರ್‌ವೈಸರ್ ರುದ್ರಯ್ಯ ಟೀ ಲೋಟ ಹಿಡಿದು ಬಂದು, ಯಾಕಮ್ಮ ಮೊಕ ಹಂಗಾಯ್ತು, ಊರಲ್ಲೆಲ್ಲ ಚೆನ್ನಾಗವ್ರೆ ತಾನೆ, ಹ್ಞೂಂ ಸಾರ್, ಇಂಗ್ಲಿಷನ್ನು ಕೂಡಿಸಿ ಕೂಡಿಸಿ ಓದುತ್ತಾಳೆ, ಓಲಾಟ ಚೂರೇ, ಚೂರೇ ಅಂದರೆ, ಮತ್ತೆ ಮೊದಲಿಂದ, ಗ್ರಹ, ಗ್ರಹವೇ, ಗುರುಗ್ರಹದಷ್ಟು ದೊಡ್ಡದು, ಮೊದಲು ಕಂಡವರು ಶಶಿಕಲಾ, ತುಮಕೂರು, ತುಮಕೂರು ಅಂತ ಬರೆದಿದ್ದಾರೆ, ಸಾರ್, ನಾನೊಂದು ಗ್ರಹ ಕಂಡುಹಿಡಿದೆ, ಎಲ್ಲಿ, ತೋರ್ಸಮ್ಮ, ಇವಳು ಫೋನಿನಲ್ಲಿ ಗ್ರಾಫ್ ತೆಗೆದಳು, ರುದ್ರಯ್ಯ ಕನ್ನಡಕ ಏರಿಸಿ ಬಗ್ಗಿದ, ಇಷ್ಟೇನಾ, ಇಷ್ಟೇ ಸಾರ್, ಮುಂದೆ ಹೇಳಬೇಕು, ಎಷ್ಟೋ ಹೇಳಬೇಕು, ಬೆರಳನ್ನು ಗ್ರಾಫ್ ಮೇಲಿಟ್ಟಳು, ನೆಟ್ಟನೆ ಗೆರೆ, ಅದರಲ್ಲೊಂದು ತಗ್ಗು, ಅಷ್ಟು ದೊಡ್ಡ ಲೋಕ, ಇಷ್ಟೇ ಇಷ್ಟು ತಗ್ಗು —