ಬೆಟ್ಟ ಹತ್ತಿ ಕಡಲಿಗಿಳಿದ ಕಂಬಳಿಗಳು

ಹಾಸಿಗೆ, ದಿಂಬು, ಕಂಬಳಿ, ಸೊಳ್ಳೆಪರದೆ ತಯಾರಿಸುವ ಆ ಕಾರ್ಖಾನೆಯಲ್ಲಿ ಯಾವ ಊರಿನ ಗೋದಾಮಿಗೆ ಯಾವ ಮಾಲು ಎಷ್ಟು ಹೋಗಬೇಕೆಂದು ತೀರ್ಮಾನಿಸುವವರು ಒಬ್ಬರೇ. ಅವರ ಕುರ್ಚಿಯ ಹಿಂದಿನ ಗೋಡೆಯ ತುಂಬ ದೊಡ್ಡದೊಂದು ನಕ್ಷೆ. ಅದರಲ್ಲಿ ಬೆಟ್ಟದ ಸೀಮೆಗೆ ನೀಲಿ, ಬಯಲಿಗೆ ಹಳದಿ, ಕರಾವಳಿಗೆ ಕೆಂಪು ಗುಂಡುಪಿನ್ನುಗಳು. ಹಾಗಾಗಿ ಎಲ್ಲರೂ ಅವರನ್ನು ನಕ್ಷೆ ಸಾಹೇಬರು ಎನ್ನುತ್ತಿದ್ದರು. ಅದು ಗೌರವಕ್ಕೆ ಇಟ್ಟ ಹೆಸರೆಂದು ಅವರು ಬಹಳ ದಿನ ನಂಬಿದ್ದರು. ಈ ಕತೆಯನ್ನು ಈಗ ಎಲ್ಲರಿಗೂ ಹೇಳುವವರೂ ಅವರೇ. ಬೇರೆಯವರು ಹೇಳಿದರೆ ಇನ್ನೂ ಕೆಟ್ಟದಾಗಿ ಹೇಳುತ್ತಾರೆಂಬ ಭಯ.

ಅವರಿಗಿಂತ ಮೊದಲು ಆ ಕುರ್ಚಿಯಲ್ಲಿದ್ದ ಹಿರಿಯರಿಗೆ ನಕ್ಷೆಯ ಗೊಡವೆಯೇ ಇರಲಿಲ್ಲ. ಗೋದಾಮಿನವರು ಕೇಳಿದಷ್ಟು ಕಳಿಸುವುದು, ಟೀ ಕುಡಿಯುವುದು, ಇಷ್ಟೇ ಅವರ ಪದ್ಧತಿ. ಅವರು ನಿವೃತ್ತರಾದ ಮೇಲೆ ಬಂದ ನಕ್ಷೆ ಸಾಹೇಬರು ಹಳೆಯ ರಿಜಿಸ್ಟರುಗಳನ್ನೆಲ್ಲ ಕೆಳಗಿಳಿಸಿ, ಧೂಳು ಕೊಡವಿ, ಯಾವ ಸೀಮೆಗೆ ಯಾವ ತಿಂಗಳು ಏನು ಬೇಕೆಂದು ಕೋಷ್ಟಕ ಹಾಕಿದರು. ಹಾಗೆ ಹಾಕುವಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಕರಾವಳಿಯ ಗೋದಾಮಿಗೆ, ಅದೂ ಬಿರುಬೇಸಿಗೆಯಲ್ಲಿ, ವರ್ಷವರ್ಷವೂ ಎಂಟುನೂರು ದಪ್ಪ ಕಂಬಳಿ ಹೋಗುತ್ತಿತ್ತು.

ಸಾಹೇಬರು ಎದ್ದು ನಿಂತು, ಕಿಟಕಿಯವರೆಗೆ ಹೋಗಿ, ಮರಳಿ ಬಂದು ಕೂತರು. ಎಂದೋ ಯಾರೋ ಎಂಬತ್ತರ ಮುಂದೆ ಒಂದು ಸೊನ್ನೆ ಹೆಚ್ಚಾಗಿ ಸುತ್ತಿದ್ದಾರೆ, ಉಳಿದವರು ಕಣ್ಣುಮುಚ್ಚಿ ಅದನ್ನೇ ನಕಲು ಮಾಡಿಕೊಂಡು ಬಂದಿದ್ದಾರೆ ಎಂದು ಅವರಿಗೆ ಹೊಳೆಯಿತು. ಹೊಳೆದದ್ದೇ ತಡ, ಅದು ಸತ್ಯವೂ ಆಗಿಬಿಟ್ಟಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಲ್ಲಿ ಸಾಹೇಬರು ಯಾರಿಗೂ ಕಡಿಮೆಯಿರಲಿಲ್ಲ.

ತಿಂಗಳ ಸಭೆಯಲ್ಲಿ ಅವರು ದೊಡ್ಡ ಸಾಹೇಬರ ಮುಂದೆ ಕೋಷ್ಟಕ ಬಿಚ್ಚಿ, "ಬೇಸಿಗೆಯಲ್ಲಿ ಕರಾವಳಿಯವರು ಕಂಬಳಿ ಇಟ್ಕೊಂಡು ಏನ್ ಮಾಡ್ತಾರೆ ಸಾರ್? ಬೆವರು ಒರೆಸ್ಕೊಳ್ತಾರಾ?" ಎಂದರು. ಸಭೆ ನಕ್ಕಿತು. ದೊಡ್ಡ ಸಾಹೇಬರೂ ನಕ್ಕರು. ಜೀವಮಾನದಲ್ಲಿ ತಮ್ಮ ಮಾತಿಗೆ ಹತ್ತು ಜನ ಒಟ್ಟಿಗೆ ನಕ್ಕದ್ದನ್ನು ನೋಡಿರದ ಸಾಹೇಬರು ಅದೇ ಜೋಕನ್ನು ಕ್ಯಾಂಟೀನಿನಲ್ಲಿ ಎರಡು ಸಲ, ಲಾರಿ ಚಾಲಕರ ಮುಂದೆ ಒಂದು ಸಲ ಹೇಳಿದರು. ಕರಾವಳಿಗೆ ಎಂಬತ್ತು ಕಂಬಳಿ, ಉಳಿದ ಏಳುನೂರಿಪ್ಪತ್ತು ಚಳಿಯಿರುವ ಬೆಟ್ಟದ ಗೋದಾಮಿಗೆ ಎಂದು ತೀರ್ಮಾನವಾಯಿತು.

ಕರಾವಳಿಯ ಗೋದಾಮು ನೋಡಿಕೊಳ್ಳುತ್ತಿದ್ದವರು ಐವತ್ತು ದಾಟಿದ ಒಬ್ಬ ಹೆಂಗಸು. ಅವರಿಂದ ಒಂದು ಸಾಲಿನ ಕಾಗದ ಬಂತು: ಎಂಟುನೂರು ಬೇಕು. ಸಾಹೇಬರು ಕಳೆದ ಹತ್ತು ವರ್ಷಗಳ ಉಷ್ಣಾಂಶದ ಸರಾಸರಿ ಸಹಿತ ಒಂದೂವರೆ ಪುಟದ ಉತ್ತರ ಬರೆದರು. ಅದಕ್ಕೆ ಉತ್ತರ: ಎಂಟುನೂರೇ ಬೇಕು. ಇವರಿಗೆ ಹೇಳುವುದೂ ಒಂದೇ, ಗೋರ್ಕಲ್ಲ ಮೇಲೆ ಮಳೆ ಸುರಿಯುವುದೂ ಒಂದೇ ಎಂದುಕೊಂಡು ಸಾಹೇಬರು ಕಾಗದವನ್ನು ಫೈಲಿಗೆ ಸೇರಿಸಿದರು.

ಮೂರು ವಾರ ಕಳೆದ ಮೇಲೆ ಬೆಟ್ಟದ ಗೋದಾಮಿನವನ ಫೋನು ಬಂತು.

"ಸಾರ್, ಇಲ್ಲಿ ಕಾಲಿಡೋಕೆ ಜಾಗ ಇಲ್ಲ. ಕಂಬಳಿ ಮೇಲೆ ಕೂತೇ ಊಟ ಮಾಡ್ತಾ ಇದೀನಿ."

"ಚಳಿ ಅಲ್ವೇನ್ರಿ ಅಲ್ಲಿ? ಮಾರಿ."

"ಚಳಿ ಇದೆ ಸಾರ್, ಕಂಬಳೀನೂ ಇದೆ. ಇಲ್ಲಿ ಅಜ್ಜ ಹೊದ್ದಿದ್ದನ್ನೇ ಮೊಮ್ಮಗ ಹೊದೀತಾನೆ. ನಮಗೆ ಸೊಳ್ಳೆಪರದೆ ಕಳಿಸಿ ಅಂತ ಕೇಳಿದ್ದೆ."

"ಬೆಟ್ಟದಲ್ಲಿ ಸೊಳ್ಳೆ ಎಲ್ಲಿದೆ?"

"ಇಲ್ಲ ಸಾರ್, ಸೊಳ್ಳೆ ಇಲ್ಲ."

ಸೊಳ್ಳೆಯಿಲ್ಲದ ಮೇಲೆ ಪರದೆ ಯಾಕಪ್ಪಾ ಎಂದು ಕೇಳಬಹುದಿತ್ತು. ಸಾಹೇಬರು ಗೆದ್ದವರಂತೆ "ನೀವೇ ಹೇಳಿದಿರಲ್ಲ" ಎಂದು ಫೋನಿಟ್ಟರು.

ಅದೇ ವಾರ ದೊಡ್ಡ ಸಾಹೇಬರು ಕರೆಸಿದರು. ಮೀನುಗಾರರ ಸಂಘದ ಅಧ್ಯಕ್ಷರು ಅವರಿಗೆ ಅರ್ಧ ಗಂಟೆ ಫೋನಿನಲ್ಲಿ ಏನೇನೋ ಹೇಳಿದ್ದರಂತೆ. ಅವರ ಮುಖದಲ್ಲಿ ಸಭೆಯ ನಗುವಿನ ಗುರುತೂ ಇರಲಿಲ್ಲ.

"ಬೆಟ್ಟಕ್ಕೆ ಹೋಗಿ. ಕಂಬಳಿ ಎಲ್ಲಾ ಲಾರಿಗೆ ಹಾಕಿಸಿ. ನೀವೇ ಜೊತೇಲಿ ಕೂತು ಕರಾವಳಿಗೆ ಇಳಿಸಿ ಬನ್ನಿ."

"ಯಾಕೆ ಸಾರ್?"

"ಅದನ್ನ ನೋಡ್ಕೊಂಡು ಬಂದು ನನಗೆ ಹೇಳಿ."

ಬೆಟ್ಟದ ದಾರಿಯಲ್ಲಿ ಸಾಹೇಬರು ಮೊದಲು ಕಂಡದ್ದು ತಮ್ಮದೇ ಕಾರ್ಖಾನೆಯ ಹಳೆಯ ಸೊಳ್ಳೆಪರದೆಗಳನ್ನು. ಇಳಿಜಾರಿನ ಮಡಿಗಳಲ್ಲಿ ಕೋಸಿನ ಸಸಿಗಳ ಮೇಲೆ, ಕೋಲು ನೆಟ್ಟು, ಹಕ್ಕಿ ಹುಳು ಮುಟ್ಟದಂತೆ ಬಿಗಿದು ಕಟ್ಟಿದ್ದರು. ಹಲವು ಕಡೆ ಪರದೆ ಹರಿದು, ಸಸಿಯ ಬದಲು ಬರೀ ದಂಟು ನಿಂತಿತ್ತು. ಲಾರಿ ಚಾಲಕ ಅದನ್ನು ನೋಡಿದ, ಸಾಹೇಬರನ್ನು ನೋಡಿದ, ಮತ್ತೆ ರಸ್ತೆ ನೋಡಿದ. ಸಾಹೇಬರು ತಮ್ಮ ಚಪ್ಪಲಿ ನೋಡಿಕೊಂಡರು.

ಕಂಬಳಿ ತುಂಬಿಸಿಕೊಂಡು ಇಳಿಯುವಾಗ ಚಾಲಕ ಮಾತು ತೆಗೆದ.

"ಸಾರ್, ಇದೇ ಕಂಬಳಿ ಹೋದ ತಿಂಗಳು ನಾನೇ ಮೇಲೆ ತಂದಿದ್ದು."

"ಗೊತ್ತು."

"ಅಲ್ಲ, ಯಾಕೆ ಹೇಳ್ದೆ ಅಂದ್ರೆ, ನಾನು ಇಷ್ಟು ವರ್ಷದಲ್ಲಿ ಸುತ್ತಿದಷ್ಟು ಊರು ಇವು ಒಂದೇ ತಿಂಗಳಲ್ಲಿ ಸುತ್ತಿಬಿಟ್ವು."

ಸಾಹೇಬರು ಕಿಟಕಿಯ ಕಡೆ ತಿರುಗಿ ಕೂತರು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಒಂದು ಸಮರ್ಥನೆ ಕಟ್ಟಿದರು. ಮೊದಲನೆಯದಾಗಿ, ಎರಡನೆಯದಾಗಿ ಎಂದು ಐದನೆಯದಾಗಿಯವರೆಗೆ ಹೋಯಿತು. ಘಟ್ಟ ಇಳಿದು ಸೆಖೆ ಮುಖಕ್ಕೆ ಹೊಡೆದಾಗ ಮೂರನೆಯದರ ಆಚೆ ಒಂದೂ ನೆನಪಿರಲಿಲ್ಲ.

ಗೋದಾಮಿನ ಹೆಂಗಸು ಬಾಗಿಲಲ್ಲೇ ನಿಂತಿದ್ದರು. ನಮಸ್ಕಾರ ಎಂದರು, ನೀರು ಕೊಟ್ಟರು. ಸಾಹೇಬರು "ಮೊದಲನೆಯದಾಗಿ..." ಎನ್ನುವಷ್ಟರಲ್ಲಿ, "ಬನ್ನಿ ಸಾರ್, ಬಿಸಿಲೇರೋಕೆ ಮುಂಚೆ ಇಳಿಸಿಬಿಡೋಣ" ಎಂದು ಲಾರಿಯನ್ನು ದೋಣಿಗಳು ನಿಲ್ಲುವ ದಕ್ಕೆಯ ಪಕ್ಕದ ಐಸ್ ಕಾರ್ಖಾನೆಗೆ ತಿರುಗಿಸಿದರು.

ಅಲ್ಲಿ ಆಳುದ್ದದ ಐಸ್ ದಿಮ್ಮಿಗಳು ಮರದ ಜಾರುಹಲಗೆಯ ಮೇಲೆ ಸರಸರನೆ ಇಳಿದು ಬರುತ್ತಿದ್ದವು. ದೋಣಿಗೆ ಸಾಗಿಸುವ ಮೊದಲು ಅವುಗಳ ಮೇಲೆ ಗೋಣಿಚೀಲ, ಹರಕು ಚಾಪೆ, ಕಿಟಕಿ ಪರದೆ, ಮಗುವಿನ ಹೂವಿನ ಚಿತ್ರದ ಹೊದಿಕೆ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಹೊದಿಸಿದ್ದರು. ಅಷ್ಟು ಹೊದಿಸಿದರೂ ಕೆಳಗಿನ ಚರಂಡಿಯಲ್ಲಿ ನೀರು ಹರಿಯುತ್ತಲೇ ಇತ್ತು.

"ಆ ಹೂವಿಂದು ನನ್ನ ಮೊಮ್ಮಗಳದು," ಎಂದರು ಹೆಂಗಸು. "ಪಕ್ಕದಲ್ಲಿ ಇರೋ ನೀಲಿದೂ ನಮ್ಮ ಮನೇದೇ. ಐದು ದಿನ ಕಡಲಲ್ಲಿ ಇರಬೇಕಾದ ದೋಣಿಗಳು ಮೂರೇ ದಿನಕ್ಕೆ ವಾಪಸ್ ಬರ್ತಿವೆ. ಐಸ್ ಕರಗಿದ ಮೇಲೆ ಹಿಡಿದ ಮೀನು ಎಲ್ಲಿಡೋದು?"

"ಆದ್ರೆ ಕಂಬಳಿ ಬೆಚ್ಚಗಲ್ವಾ?" ಎಂದುಬಿಟ್ಟರು ಸಾಹೇಬರು. ಬಾಯಿಂದ ಬಂದ ಮೇಲೆ ಅದು ಎಂಥ ಪ್ರಶ್ನೆಯೆಂದು ತಿಳಿಯಿತು.

"ಅದು ಹೊರಗಿನ ಸೆಖೇನ ಒಳಗೆ ಬಿಡಲ್ಲ, ಅಷ್ಟೇ. ಒಳಗೆ ಮನುಷ್ಯ ಇದ್ದಾನೋ ಐಸ್ ಇದೆಯೋ ಕಂಬಳಿಗೇನು ಗೊತ್ತು ಸಾರ್? ಉಪ್ಪುನೀರಿಗೆ ಒಂದು ಬೇಸಿಗೆ ಬಂದ್ರೆ ಹೆಚ್ಚು. ಅದಕ್ಕೇ ಪ್ರತಿ ವರ್ಷ ಹೊಸದು."

"ಇದನ್ನ ಒಂದು ಸಾಲು ಬರೀಬಹುದಿತ್ತಲ್ಲಮ್ಮ."

ಹೆಂಗಸು ಸ್ವಲ್ಪ ಯೋಚಿಸಿದರು. ಕೋಪವಿರಲಿಲ್ಲ. "ನಿಮ್ಮ ಫಾರಂನಲ್ಲಿ ಎಷ್ಟು ಅಂತ ಕೇಳಿದೀರಿ. ಯಾಕೆ ಅಂತ ಕೇಳೋ ಜಾಗ ಇಲ್ಲ. ಮುಂಚಿನವರು ಒಂದ್ಸಲ ಬಂದು ನೋಡ್ಕೊಂಡು ಹೋಗಿದ್ರು. ನಿಮಗೂ ಹೇಳಿರ್ತಾರೆ ಅಂದ್ಕೊಂಡೆ."

ಫಾರಂ ಮಾಡಿದವರು ಸ್ವತಃ ಸಾಹೇಬರು. ಟೀ ಕುಡಿಯುತ್ತ ಕೂತಿದ್ದ ಆ ಹಿರಿಯರು ಇಷ್ಟು ದೂರ ಬಂದಿದ್ದರೆಂಬುದೂ ಅವರಿಗೆ ಹೊಸ ವಿಷಯ.

ಅಷ್ಟರಲ್ಲಿ ದಿಮ್ಮಿ ಎಳೆಯುತ್ತಿದ್ದ ಮುದುಕನೊಬ್ಬ ಹತ್ತಿರ ಬಂದು, ಬಹಳ ವಿನಯದಿಂದ ಹೆಂಗಸನ್ನು ಕೇಳಿದ: "ನಾವು ಕಂಬಳೀಲಿ ಬೆವರು ಒರೆಸ್ಕೊಳ್ತೀವಿ ಅಂದೋರು ಇವರೇನಾ?"

ತಮ್ಮ ಸಾಗಣೆಯ ಕಾಲದಲ್ಲಿ ತಡವಿಲ್ಲದೆ, ಒಂದಿಷ್ಟೂ ಕಡಿಮೆಯಾಗದೆ, ಸರಿಯಾದ ವಿಳಾಸಕ್ಕೆ ತಲುಪಿದ ಮಾಲು ಆ ಜೋಕೊಂದೇ ಎಂದು ಸಾಹೇಬರಿಗೆ ಅನ್ನಿಸಿತು. ಓಡಿಹೋಗೋಣವೆಂದರೆ ಲಾರಿಯ ಕೀಲಿಕೈ ಚಾಲಕನ ಹತ್ತಿರವಿತ್ತು.

"ನಾನೇ," ಎಂದರು. "ತಪ್ಪಾಯ್ತು." ಐದು ಅಂಶಗಳಲ್ಲಿ ಉಳಿದದ್ದು ಅಷ್ಟೇ.

ಮುದುಕ ತಲೆಯಾಡಿಸಿ, "ಆ ತುದಿ ಹಿಡ್ಕೊಳಿ ಹಾಗಾದ್ರೆ" ಎಂದು ಕಂಬಳಿಯ ಒಂದು ಅಂಚು ಕೈಗಿತ್ತ. ಸಾಹೇಬರು ಸುತ್ತಿದ ಮೊದಲ ದಿಮ್ಮಿ ಬಿಚ್ಚಿಕೊಂಡಿತು. ಎರಡನೆಯದರ ಜೊತೆ ಅವರೂ ಜಾರಿ ಚರಂಡಿಯ ತಣ್ಣೀರಿನಲ್ಲಿ ಕೂತರು. ಮೂರನೆಯದನ್ನು ಸುತ್ತುವ ಹೊತ್ತಿಗೆ ಕೈ ಕುದುರಿತ್ತು. ಹೂವಿನ ಹೊದಿಕೆಯನ್ನು ಅವರೇ ಎಳೆದು, ಹಿಂಡಿ, ಮಡಿಸಿ ಹೆಂಗಸಿನ ಕೈಗೆ ಕೊಟ್ಟರು. ಅದು ಒಣಗಿದರೂ ಮೀನಿನ ವಾಸನೆ ಹೋಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಎರಡು ದಿನ ಬಿಟ್ಟು ಮನೆ ಸೇರಿ ಹೆಂಡತಿಗೆ ಎಲ್ಲ ಹೇಳಿದರು. ಆಕೆ ಅವರ ಅಂಗಿಗೆ ಇಸ್ತ್ರಿ ಹಾಕುತ್ತ ಕೇಳಿಸಿಕೊಂಡರು. "ಕಂಬಳಿ ಹೊದೆಯೋಕೆ ಮಾತ್ರ ಅಂತ ನಿಮಗೆ ಯಾರು ಹೇಳಿದ್ರು?"

"ಇನ್ಯಾತಕ್ಕೆ ಅಂತ ಯಾರಿಗಾದ್ರೂ ಹೊಳೆಯುತ್ತಾ?"

ಆಕೆ ಇಸ್ತ್ರಿಪೆಟ್ಟಿಗೆ ಎತ್ತಿ, ಮೇಜಿನ ಮೇಲೆ ನಾಲ್ಕು ಮಡಿಕೆ ಹಾಸಿದ್ದನ್ನು ತೋರಿಸಿದರು. ಹದಿನಾಲ್ಕು ವರ್ಷದಿಂದ ಸಾಹೇಬರ ಅಂಗಿಗಳು ಗರಿಗರಿಯಾಗಿದ್ದದ್ದು ತಮ್ಮದೇ ಕಾರ್ಖಾನೆಯ ಕಂಬಳಿಯ ಮೇಲೆ.

ಬೆಟ್ಟಕ್ಕೆ ಸೊಳ್ಳೆಪರದೆ ಹೋಯಿತು. ಫಾರಂನಲ್ಲಿ 'ಯಾಕೆ' ಎಂಬ ಹೊಸ ಸಾಲು ಬಂತು. ಉತ್ತರ ಬರೆಯಲು ಎರಡಂಗುಲ ಜಾಗ ಬಿಟ್ಟಿದ್ದರು. ಅದು ಸಾಲದೆ ಕೆಲವರು ಹಿಂಬದಿಗೂ ಬರೆದರು. ಹೊಸ ದೋಣಿಗಳು ಬಂದಿವೆಯೆಂದು ಒಬ್ಬರು, ಹಾಸ್ಟೆಲಿನ ಹುಡುಗಿಯರಿಗೆ ತೆಳು ದಿಂಬೇ ಬೇಕಂತೆ ಎಂದು ಇನ್ನೊಬ್ಬರು. ಸಾಹೇಬರು ಊಟದ ಡಬ್ಬಿ ಬಿಚ್ಚಿಕೊಂಡು ಒಂದೊಂದನ್ನೂ ಓದಿದರು. ಬಯಲಿನ ಒಂದು ಗೋದಾಮಿನವನು ಮಾತ್ರ ಇನ್ನೂರು ಹಾಸಿಗೆ ಕೇಳಿ, ಯಾಕೆ ಎಂಬುದರ ಮುಂದೆ 'ನಿಮಗ್ಯಾಕೆ' ಎಂದು ಬರೆದಿದ್ದ.

ಸಾಹೇಬರು ಇನ್ನೂರನ್ನೂ ಕಳಿಸಲು ಸಹಿ ಹಾಕಿದರು. ಆಮೇಲೆ, ಮುಂದಿನ ಸೋಮವಾರಕ್ಕೆ ಆ ಊರಿಗೆ ಬಸ್ಸು ಎಷ್ಟು ಹೊತ್ತಿಗಿದೆಯೆಂದು ವಿಚಾರಿಸಿದರು.