ನಕ್ಷೆಯೊಳಗಿನ ಕೆಂಪು ಚೌಕ

ಸಕಲೇಶಪುರದಿಂದ ಆಲೂರಿನ ಕಡೆಗೆ ಬರುವ ಹೆದ್ದಾರಿಯ ಎಡಕ್ಕೆ ಒಂದು ದಿಣ್ಣೆಯಿದೆ. ಅದರ ಮೇಲೆ ಮೊದಲು ಹದಿನೆಂಟು ಅಂತಸ್ತು ಏರಿತು, ಆಮೇಲೆ ಇಪ್ಪತ್ನಾಲ್ಕಾಯಿತು, ಹದಿನಾಲ್ಕಕ್ಕೆ ಇಳಿಯಿತು, ಏಳಾಯಿತು. ಎಲ್ಲವೂ ಕಾಗದದಲ್ಲಿ. ದಿಣ್ಣೆಯ ಮೇಲೆ ಒಂದು ಇಟ್ಟಿಗೆಯೂ ಏಳಲಿಲ್ಲ.

ಆ ನೆಲ ಮೆಣಸಿನ ವ್ಯಾಪಾರಿ ಮಹಾದೇವಯ್ಯನವರದು. ಅವರು ಲಿಂಗೈಕ್ಯರಾದಾಗ ಮನೆತನದ ಪದ್ಧತಿಯಂತೆ ಸ್ವಂತ ನೆಲದಲ್ಲೇ, ಎಡಗೈಯಲ್ಲಿ ಇಷ್ಟಲಿಂಗವಿರಿಸಿ, ಕುಳಿತ ಭಂಗಿಯಲ್ಲೇ ಸಮಾಧಿ ಮಾಡಿದ್ದರು. ಎರಡು ವರ್ಷ ಕಳೆದ ಮೇಲೆ ಬೆಂಗಳೂರಿನ ಕಂಪನಿಯೊಂದು ದಿಣ್ಣೆಯನ್ನು ಕೇಳಿಕೊಂಡು ಬಂತು. ಮಗ ಮಹೇಶ ಮಾರಲು ಒಪ್ಪಿದ. ಘಟ್ಟದ ತುದಿಯಲ್ಲಿ ಮೋಡ ಮುಟ್ಟುವ ಕಟ್ಟಡ, ಅದೂ ನಮ್ಮಪ್ಪನ ನೆಲದ ಮೇಲೆ ಎಂದು ಅವನಿಗೆ ಹೆಮ್ಮೆ.

ಕಂಪನಿಯ ಎಂಜಿನಿಯರ್ ಪ್ರತಾಪ್ ಮನೆಯ ಜಗಲಿಯಲ್ಲಿ ನಕ್ಷೆ ಹಾಸಿದಾಗ ಮಹಾದೇವಯ್ಯನವರ ಹೆಂಡತಿ ಪಾರ್ವತಮ್ಮ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು.

"ಎಷ್ಟು ಎತ್ತರಕ್ಕಾದ್ರೂ ಕಟ್ಕಳಿ. ನಮ್ಮನೆಯವರು ಎಲ್ಲಿ ಕೂರ್ತಾರೆ, ಅದನ್ನ ತೋರ್ಸಿ."

ಪ್ರತಾಪ್ ಜೇಬಿನಿಂದ ಕೆಂಪು ಪೆನ್ನು ತೆಗೆದು ಮುಂಬಾಗಿಲ ಬಲಕ್ಕೆ ಪುಟ್ಟ ಚೌಕ ಬರೆದ. "ಇಲ್ಲೇ ಅಮ್ಮ, ಅವರಿದ್ದ ಜಾಗದಲ್ಲೇ ಒಂದು ಗೂಡು ಮಾಡಿಸ್ತೀವಿ. ಸದಾ ದೀಪ ಉರೀತಿರುತ್ತೆ."

ನೆಲ ಅಗೆಯುವ ಮೊದಲು, ಮನೆತನದ ಪೂಜೆ ಮಾಡಿಸುವ ಅಯ್ಯನವರು ಬಂದು ಸಮಾಧಿಗೆ ವಿಭೂತಿ ಹಚ್ಚಿ, ಬಿಲ್ವಪತ್ರೆ ಇಟ್ಟು, ಅಲ್ಲಿಂದ ಮೂರು ಹಿಡಿ ಮಣ್ಣು ಎತ್ತಿದರು. ಹಿಡಿಮಣ್ಣು ಎತ್ತಿದರೆ ಆ ಜೀವವನ್ನೇ ಎಬ್ಬಿಸಿದಂತೆ. ಬಿಳಿ ಬಟ್ಟೆಯಲ್ಲಿ ಕಟ್ಟಿ ಹೊಸ ಗಡಿಗೆಗೆ ಹಾಕಿ ಹೇಳಿದರು: "ಎಬ್ಬಿಸಿದ ಮೇಲೆ ಒಂದೇ ಸಲ ಕೂರಿಸ್ಬೇಕು. ಇವತ್ತು ಅಲ್ಲಿ, ನಾಳೆ ಇಲ್ಲಿ ಅಂತ ಅಲೆಸ್ಬಾರ್ದು ಕಣಮ್ಮ."

"ಪಾಳ್ಯದಾಗಿರೋ ನಿಮ್ಮ ಹೊಲದಲ್ಲೇ ಕೂರಿಸಿಬುಡ್ರಪ್ಪ, ಸುಮ್ನೆ ಯಾಕೆ" ಎಂದು ನೆಂಟರು ಅಂದರು. ಮಹೇಶ ಕೇಳಲಿಲ್ಲ. "ಒಂದೊರ್ಷದ ಮಾತು. ಅಪ್ಪಾಜಿ ಅವರ ಜಾಗಕ್ಕೇ ವಾಪಸ್ ಬರ್ತಾರೆ" ಎಂದ. ಗಡಿಗೆ ದೇವರ ಮನೆ ಸೇರಿತು.

ಹದಿನಾಲ್ಕು ವರ್ಷವಾಯಿತು.

ಪಾರ್ವತಮ್ಮನಿಗೆ ನಕ್ಷೆ ಓದಲು ಬಾರದು. ಆದರೆ ಹೊಸ ನಕ್ಷೆ ಬಂದಾಗಲೆಲ್ಲ ಕನ್ನಡಕ ಒರೆಸಿಕೊಂಡು ಕೆಂಪು ಚೌಕವನ್ನು ಹುಡುಕುತ್ತಿದ್ದರು. ಇಪ್ಪತ್ನಾಲ್ಕು ಅಂತಸ್ತಿನ ನಕ್ಷೆಯಲ್ಲಿ, ನೆತ್ತಿಯ ಮೇಲೆ ತಿರುಗುವ ಹೋಟೆಲು ಬಂದು, ಚೌಕ ಲಿಫ್ಟಿನ ಪಕ್ಕಕ್ಕೆ ಸರಿಯಿತು. ಅಷ್ಟೆತ್ತರಕ್ಕೆ ಬೆಂಕಿ ಆರಿಸುವವರ ಏಣಿ ಜಿಲ್ಲೆಯಲ್ಲೇ ಇಲ್ಲವೆಂದು ಅರ್ಜಿ ವಾಪಸಾದ ಮೇಲೆ ಹದಿನಾಲ್ಕಾಯಿತು. ಚೌಕ ಜನರೇಟರ್ ಕೋಣೆಯ ಹಿಂದೆ ಹೋಯಿತು.

"ಅಲ್ಲಿ ಸದ್ದು ಜಾಸ್ತಿ ಅಲ್ವೇನಪ್ಪ?" ಎಂದು ಪಾರ್ವತಮ್ಮ ಕೇಳಿದರು.

"ಸೌಂಡ್‌ಪ್ರೂಫ್ ಮಾಡಿಸ್ತೀವಿ ಅಮ್ಮ" ಎಂದ ಪ್ರತಾಪ್.

ಅದೇ ಬೇಸಿಗೆಯಲ್ಲಿ, ಅನುಮತಿ ಹೇಗೂ ಬರುತ್ತದೆಂದು, ಕಂಪನಿ ನೆಲಮಾಳಿಗೆಗೆ ಗುಂಡಿ ತೋಡಿಸಿತು. ಅನುಮತಿ ಬರಲಿಲ್ಲ. ಮುಂದೆ ಘಟ್ಟವೆಲ್ಲ ಕುಸಿದ ಮಳೆಗಾಲ ಬಂತು. ಮಣ್ಣು ಪರೀಕ್ಷಿಸಿದವರು ಈ ದಿಣ್ಣೆ ಭಾರ ತಾಳದು ಎಂದರು. ನಕ್ಷೆ ಏಳು ಅಂತಸ್ತಿಗೆ ಇಳಿಯಿತು. ಈ ಸಲ ಚೌಕ ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ, ಶೌಚಾಲಯದ ಗೋಡೆಗೆ ಒತ್ತಿಕೊಂಡಿತ್ತು. ಪಾರ್ವತಮ್ಮ ನಕ್ಷೆಯನ್ನು ತಾವೇ ಮಡಚಿ ಕೊಟ್ಟು, ಒಳಗೆ ಹೋಗಿ ಗಡಿಗೆಗೆ ವಿಭೂತಿ ಹಚ್ಚಿದರು.

ಈ ಸಲದ ಮಾಘದಲ್ಲಿ ಪ್ರತಾಪನ ಫೋನು ಬಂತು. ಕಂಪನಿ ಕೈಬಿಟ್ಟಿದೆ ಎಂದು ಎರಡೇ ಮಾತು. ಮಹೇಶ ಅಂಗಡಿಯಿಂದ ಮಧ್ಯಾಹ್ನವೇ ಮನೆಗೆ ಬಂದು ಅವ್ವನಿಗೆ ಹೇಳಿದ.

ಪಾರ್ವತಮ್ಮ ನಿಟ್ಟುಸಿರಿಟ್ಟರು. ಮುಖದಲ್ಲಿ ಎಷ್ಟೋ ಕಾಲದ ಮೇಲೆ ಒಂದು ನೆಮ್ಮದಿ ಕಂಡಿತು. "ಶಿವ ದೊಡ್ಡೋನು. ಕಟ್ಟಡ ಇಲ್ದಿದ್ರೆ ನೆಲ ಐತಲ್ಲ. ಅವರನ್ನ ಇದ್ದಲ್ಲೇ ಕೂರಿಸಿ ಬರಾಣ, ನಡಿ."

"ಅವ್ವ, ಜಾಗ ಈಗ ನಮ್ಮದಲ್ಲ."

"ಮೂರು ಹಿಡಿ ಮಣ್ಣಿಗೆ ಯಾರೋ ಬ್ಯಾಡ ಅಂತಾರೆ?"

ಅವರು ಮಡಿಸೀರೆ ಉಟ್ಟು, ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಕೂತಾಗಿತ್ತು. ಮಹೇಶ ಎರಡು ಸಲ ಬಾಯಿ ತೆರೆದು, ಎರಡು ಸಲವೂ ಗೇರು ಬದಲಾಯಿಸಿದ.

ದಿಣ್ಣೆಯ ಗೇಟಿನಲ್ಲಿ ಕಾವಲುಗಾರ ನಂಜುಂಡ ತಗಡಿನ ಗೂಡಿನಿಂದ ಎದ್ದು ಬಂದ. "ಬನ್ನಿ ಅವ್ವಾರೆ. ಇಪ್ಪತ್ನಾಲ್ಕು ಅಂತಸ್ತಿನ ವಾಚ್‌ಮನ್ ಕಣ್ರೀ ನಾನು. ಒಂದಿನಾನೂ ಮೆಟ್ಲು ಹತ್ತಿಲ್ಲ, ಮಂಡಿ ಭದ್ರವಾಗೈತೆ."

ಪಾರ್ವತಮ್ಮ ನಕ್ಕರು. "ಪುಣ್ಯವಂತ ಕಣೋ ನೀನು."

ಹತ್ತು ಹೆಜ್ಜೆ ನಡೆದು ಲಂಟಾನದ ಪೊದೆ ದಾಟಿದರೆ ಮುಂದೆ ನೆಲವೇ ಇರಲಿಲ್ಲ. ಎರಡಾಳು ಆಳದ ಗುಂಡಿ, ತಳದಲ್ಲಿ ಪಾಚಿಗಟ್ಟಿದ ನೀರು. ಪಾರ್ವತಮ್ಮ ಅಂಚಿನಲ್ಲಿ ನಿಂತು, ತಾವು ಎರಡು ವರ್ಷ ಪತ್ರೆ ಏರಿಸಿದ್ದ ಜಾಗವನ್ನು ಕಣ್ಣಲ್ಲೇ ಹುಡುಕಿದರು. ಅದು ಈಗ ನೀರಿನ ಮೇಲಿನ ಬರೀ ಗಾಳಿಯಾಗಿತ್ತು.

"ಇಲ್ಲಿದ್ದ ಮಣ್ಣು ಎಲ್ಲೋ ನಂಜುಂಡ?"

"ಅದು ಅವಾಗ್ಲೇ ಹೋಗ್ಬುಡ್ತಲ್ಲ ಅವ್ವಾರೆ. ಟಿಪ್ಪರ್ ಮೇಲೆ ಟಿಪ್ಪರ್. ಕೆಳಗೆ ಹೆದ್ದಾರಿ ಎತ್ತರಿಸ್ತಿದ್ರಲ್ಲ, ಅಲ್ಲಿಗೆ ತುಂಬಿದ್ರು. ಮಹೇಶಣ್ಣ ಸಂಜೆಗೆ ಓಡಿ ಬಂದ್ರು, ಅಷ್ಟರಲ್ಲಿ ಮುಗ್ದೇ ಹೋಗಿತ್ತು." ಹೇಳಿದ ಮೇಲೆ ನಂಜುಂಡ ಮಹೇಶನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

ಪಾರ್ವತಮ್ಮ ಮಗನ ಕಡೆ ತಿರುಗಿದರು. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತವ್ವ." ಅವನು ಗುಂಡಿಯ ಕಡೆ ತಿರುಗಿದ. "ಒಂಬತ್ತು ವರ್ಷದಿಂದ. ಕಟ್ಟಡ ಎದ್ಮೇಲೆ ಗೂಡು ಆಗುತ್ತಲ್ಲ, ಅವಾಗ ನಿನಗೆ ತಿಳಿಯೋದೇ ಬ್ಯಾಡ ಅಂತ..."

"ನಾನು ಬಸ್ಸಲ್ಲಿ ಎಷ್ಟು ಸಲ ಆ ರಸ್ತೇಲಿ ಹೋಗಿದೀನೋ."

ಬೈಗುಳ ಬಂದಿದ್ದರೆ ಮಹೇಶ ತಾಳಿಕೊಳ್ಳುತ್ತಿದ್ದ. ಬರಲಿಲ್ಲ. ಅವರು ಸೆರಗಿನಿಂದ ಗಡಿಗೆಯ ಬಾಯಿಯನ್ನು ಮುಚ್ಚಿಕೊಂಡರು, ಒಳಗಿರುವವರಿಗೆ ಗುಂಡಿ ಕಾಣಬಾರದು ಎಂಬಂತೆ.

"ಹಂಗಾದ್ರೆ ಈ ಮೂರು ಹಿಡೀಲಿ ಇರೋರೇ ಅವರು. ಪಾಳ್ಯಕ್ಕೆ ನಡಿ."

ಪಾಳ್ಯದಲ್ಲಿ ರಾಗಿ ಕೊಯ್ದ ಹೊಲ ಬೋಳಾಗಿತ್ತು. ಹೊಂಗೆಮರದ ಬುಡದ ಬದುವಿನಲ್ಲಿ ಪಾರ್ವತಮ್ಮ ನಿಂತರು. ಮಹೇಶ ಜೀಪಿನಿಂದ ಗುದ್ದಲಿ ತಂದ. "ಇಲ್ಲೇ ಅಗೀತೀನಿ ಅವ್ವ. ಸಂಜೆ ಒಳಗೆ ಅಯ್ಯನೋರನ್ನ ಕರ್ಕೊಂಡು ಬಂದು ಕೂರಿಸಿಬುಡಾಣ."

"ಬ್ಯಾಡ. ಒಂದೇ ಸಲ ಅಂದವ್ರೆ. ನಾಳೆ ಇಲ್ಲಿಗೂ ಯಾರಾದ್ರೂ ನಕ್ಷೆ ತಂದ್ರೆ ಇನ್ನೊಂದು ಸಲ ಎಬ್ಬಿಸಕ್ಕೆ ನನ್ನ ಕೈಲಾಗಲ್ಲ." ಗಡಿಗೆಯನ್ನು ಸೊಂಟಕ್ಕೆ ಸರಿಸಿಕೊಂಡು ಹೇಳಿದರು: "ನನ್ನ ಕೂರಿಸ್ತೀರಲ್ಲ, ಅವಾಗ ಎಡಗೈಲಿ ಲಿಂಗ ಇರ್ತದೆ. ಮಡಿಲು ಖಾಲಿ ಇರ್ತದೆ. ಗಡಿಗೆ ಅಲ್ಲಿಡು. ನನ್ನ ಬಿಟ್ಟು ಅವರೊಬ್ಬರನ್ನೇ ಯಾರೂ ಎತ್ತಕ್ಕಾಗಲ್ಲ."

"ಅಲ್ಲೀತನಕ ಅಪ್ಪಾಜಿ...?"

"ಕಾಯ್ತಾರೆ. ಅಭ್ಯಾಸ ಮಾಡ್ಸಿದೀಯಲ್ಲ."

ಪಾರ್ವತಮ್ಮ ಕಾಲ ಹೆಬ್ಬೆರಳಿನಿಂದ ನೆಲದ ಮೇಲೆ ಗುರುತು ತೋರಿಸುತ್ತ ಹೋದರು. ಮಹೇಶ ಹೊಂಗೆಯ ಕೊಂಬೆ ಸವರಿ ನಾಲ್ಕು ಗೂಟ ಮಾಡಿ, ಗುದ್ದಲಿಯ ಹಿಂಬದಿಯಿಂದ ಒಂದೊಂದನ್ನೇ ಹೊಡೆದ. ಚೌಕವಾಯಿತು.

"ಇಬ್ಬರಿಗೆ ಸಾಲುತ್ತೇನೋ ನೋಡ್ತೀನಿ, ತಡಿ" ಎಂದು ಪಾರ್ವತಮ್ಮ ನಾಲ್ಕು ಗೂಟಗಳ ನಡುವೆ ಹೋಗಿ, ಉತ್ತರಕ್ಕೆ ಮುಖ ಮಾಡಿ, ಕಾಲು ಮಡಚಿ ಕೂತರು. ಗಡಿಗೆಯನ್ನು ಮಡಿಲಿಗೆ ಎಳೆದುಕೊಂಡರು. ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿದರು.

"ಏಳವ್ವ" ಎಂದ ಮಹೇಶ. "ಸಾಲುತ್ತೆ ಕಣೋ" ಎಂದರು ಅವರು ಕಣ್ಣು ತೆರೆಯದೆ, ಏಳಲಿಲ್ಲ. ಅವನು ಗುದ್ದಲಿ ಹಿಡಿದು, ಬೇರೆ ಕಡೆ ತಿರುಗಿ ನಿಂತುಕೊಂಡ.