ತಂತಿಗೆ ಸಿಕ್ಕಿಸಿದ ಆಸ್ಪತ್ರೆ ಚೀಟಿ

ದರ್ಜಿ ಹೇಳಿದ ದಿನಕ್ಕೇ ಬಟ್ಟೆ ಸಿಕ್ಕಿದ್ದನ್ನು ನೀವು ಎಂದಾದರೂ ಕಂಡಿದ್ದೀರಾ? ನಮ್ಮ ಅಂಗಡಿಯಲ್ಲಂತೂ ಸೋಮವಾರ ಎಂದರೆ ಗುರುವಾರ. ಗಿರಾಕಿಗಳು ಬೈದುಕೊಂಡೇ ಮತ್ತೆ ಬರುತ್ತಿದ್ದರು. ನಮ್ಮ ಯಜಮಾನರು ಕತ್ತರಿಸಿ ಹೊಲಿಯುವವರು, ನಾನು ಗುಂಡಿ, ಕಾಜಾ ಹಾಕುವವಳು. ಅಳತೆ, ತಾರೀಖು ಬರೆದ ಚೀಟಿಗಳನ್ನು ಮೆಷಿನ್ ಪಕ್ಕದ ತಂತಿಗೆ ಸಿಕ್ಕಿಸುತ್ತಿದ್ದೆವು.

ಕಳೆದ ವರ್ಷ ಅವರ ಬೆರಳಿನ ಗಂಟುಗಳು ಊದಿ ಕತ್ತರಿ ಹಿಡಿಯಲಾಗದೆ ಹೋಯಿತು. ದೊಡ್ಡಾಸ್ಪತ್ರೆಯಲ್ಲಿ ಹೊಸ ಮಾತ್ರೆಯೊಂದನ್ನು ಪರೀಕ್ಷಿಸುತ್ತಿದ್ದರು. ಎಲ್ಲವನ್ನೂ ಕೇಳಿ ತಿಳಿದುಕೊಂಡು ಇವರು ಒಪ್ಪಿ ಸೇರಿದರು. ಹದಿನೈದು ದಿನಕ್ಕೊಮ್ಮೆ ಬಂದು ರಕ್ತ ಕೊಡಬೇಕೆಂದು ನರ್ಸಮ್ಮ ತಾರೀಖುಗಳ ಚೀಟಿ ಕೊಟ್ಟರು. ಇವರು ಅದನ್ನೂ ಅದೇ ತಂತಿಗೆ ಸಿಕ್ಕಿಸಿದರು.

ಎರಡು ತಿಂಗಳಲ್ಲಿ ಬೆರಳುಗಳಿಗೆ ಕತ್ತರಿ ಮತ್ತೆ ಒಗ್ಗಿತು. ಆಗಲೇ ಶಾಲೆ ತೆರೆಯುವ ಕಾಲ, ತಲೆ ಮುಳುಗುವಷ್ಟು ಯೂನಿಫಾರಂ. ಒಂದು ಸೋಮವಾರ ನರ್ಸಮ್ಮನ ಫೋನ್ ಬಂತು. ಎತ್ತಿದವಳು ನಾನೇ.

"ಅಕ್ಕ, ಇವತ್ತು ಅಣ್ಣ ಬರ್ಬೇಕಿತ್ತು."

"ಚೆನ್ನಾಗೇ ಇದ್ದಾರಲ್ಲಮ್ಮ. ಗುರುವಾರ ಕಳಿಸ್ತೀನಿ."

"ಒಳಗೇನಾಗ್ತಿದೆ ಅಂತ ರಕ್ತಾನೇ ಹೇಳ್ಬೇಕು ಅಕ್ಕ. ಅಂಗಡಿ ಬಿಡೋಕಾಗಲ್ಲ ಅಂದ್ರೆ ನಾನೇ ಬಂದು ತಗೊಂಡು ಹೋಗ್ತೀನಿ."

"ಅಯ್ಯೋ, ನಿಮಗ್ಯಾಕೆ ತೊಂದ್ರೆ!"

ಆ ಗುರುವಾರ ಹೋಯಿತು. ನರ್ಸಮ್ಮ ಮತ್ತೆರಡು ಸಲ ಫೋನ್ ಮಾಡಿದರು, ನಾಚಿಕೆಯಾಗಿ ನಾನು ಎತ್ತಲಿಲ್ಲ. ಮನೆಯಲ್ಲಿ ಮಾತ್ರೆ ಇದ್ದವು, ಇವರು ನುಂಗುತ್ತಲೇ ಇದ್ದರು. ಆ ಸೋಮವಾರದಿಂದ ಹನ್ನೊಂದನೇ ದಿನ ಗಿರಾಕಿಯೊಬ್ಬರು, "ಏನ್ ಟೇಲರಣ್ಣ, ಕಣ್ಣೆಲ್ಲ ಹಳದಿಯಾಗಿದೆ?" ಎಂದರು. ದಿನವೆಲ್ಲ ಪಕ್ಕದಲ್ಲೇ ಕೂತಿರುತ್ತಿದ್ದ ನನಗೆ ಅದು ಕಂಡಿರಲಿಲ್ಲ.

ಮಾತ್ರೆ ಅವರ ಲಿವರಿಗೆ ಆಗಿಬಂದಿರಲಿಲ್ಲ. "ಸೋಮವಾರವೇ ರಕ್ತ ಸಿಕ್ಕಿದ್ರೆ ಅವತ್ತೇ ಮಾತ್ರೆ ನಿಲ್ಲಿಸ್ತಿದ್ವಿ, ಬಹುಶಃ ಉಳಿಸ್ಕೋಬಹುದಿತ್ತು" ಎಂದರು ಡಾಕ್ಟರು. ಅದೇ ಮಾತ್ರೆ ನುಂಗುತ್ತಿದ್ದ ಇತರರಿಗೂ ಆಗಲೇ ಎಚ್ಚರಿಕೆ ಸಿಗುತ್ತಿತ್ತಂತೆ. ಇವರು ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದರು. ಮನೆಗೆ ಬರಲಿಲ್ಲ.

ಮೊನ್ನೆ ನನ್ನ ತಂಗಿ ಅಂಗಡಿಗೆ ಬಂದಿದ್ದಳು. ಅವಳೂ ಅದೇ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯ ಹೊಸ ಔಷಧಿಯ ಪರೀಕ್ಷೆಗೆ ಸೇರಿದ್ದಾಳೆ.

"ನಾಳೆ ತಪಾಸಣೆಗೆ ನಾನು ಹೋಗಲ್ಲಕ್ಕ. ಭಾವನಿಗೆ ಹಾಗಾದ್ಮೇಲೆ ಅದರ ಸಹವಾಸವೇ ಬೇಡ."

"ಮಾತ್ರೆ ಬಿಟ್ಟಿದ್ದೀಯಾ?"

"ಇಲ್ಲಪ್ಪ, ಅದು ತಗೋತಿದ್ದೀನಿ. ಸಕ್ಕರೆ ಇಳಿದಿದೆಯಲ್ಲ."

ನನಗೆ ಮೈ ಉರಿದುಹೋಯಿತು. "ಮಾತ್ರೆ ಬೇಕು, ತಪಾಸಣೆ ಬೇಡ! ನಿನ್ನ ಭಾವ ಮಾಡಿದ್ದೂ ಇದನ್ನೇ ಕಣೇ. ಬಿಡೋದಾದ್ರೆ ಬಿಡು, ಅದು ನಿನ್ನ ಹಕ್ಕು, ಯಾರೂ ಬೇಡ ಅನ್ನಲ್ಲ. ಆದ್ರೆ ಹೋಗಿ ಡಾಕ್ಟರಿಗೆ ಹೇಳಿ ಆಮೇಲೆ ಬಿಡು."

"ನಾಲ್ಕು ದಿನ ಆಚೆಈಚೆ ಆದ್ರೆ ಏನಕ್ಕಾ?"

ತಂತಿಯಿಂದ ಇವರ ಆಸ್ಪತ್ರೆ ಚೀಟಿ ಬಿಡಿಸಿ ಅವಳ ಕೈಗಿಟ್ಟೆ. ಹೋಗಿಬಂದ ದಿನಗಳಿಗೆಲ್ಲ ಅವರು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೀಟು ಎಳೆದಿದ್ದರು. ಐದನೇ ಸಲದ ತಾರೀಖಿಗೆ ಗೀಟು ಇರಲಿಲ್ಲ. ತಂಗಿ ಗೀಟುಗಳನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿದಳು.

"ಬೆಳಿಗ್ಗೆ ನೀನೂ ಬರ್ತೀಯಾ ಅಕ್ಕ?" ಎಂದಳು.

ಅಂಗಡಿ ಮುಚ್ಚಿ ಜೊತೆಗೆ ಹೋದೆ. ರಕ್ತ ತೆಗೆದುಕೊಂಡದ್ದು ಅದೇ ನರ್ಸಮ್ಮ. ನನ್ನನ್ನು ನೋಡಿ ಕೈ ಹಿಡಿದುಕೊಂಡರು. ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ.

ಔಷಧಿ ಪರೀಕ್ಷೆಗೆ ಸೇರಿರುವ ಅಣ್ಣಂದಿರೇ, ಅಕ್ಕಂದಿರೇ, ಕೊಟ್ಟ ದಿನ ತಪ್ಪಿಸಬೇಡಿ. ಹೋಗಲು ಆಗದಿದ್ದರೆ ಮುಂಚೆಯೇ ಫೋನ್ ಮಾಡಿ, ಅವರು ದಾರಿ ಹೇಳುತ್ತಾರೆ. ದಿನ ಮೀರಿದ್ದರೆ ನಾಚಿಕೊಂಡು ಕೂರದೆ ಈಗಲೇ ಹೋಗಿ. ನನ್ನ ಅಂಗಡಿಯ ಸೋಮವಾರ ಈಗಲೂ ಗುರುವಾರವೇ, ಬೈದರೆ ಬೈಸಿಕೊಳ್ಳುತ್ತೇನೆ. ಆಸ್ಪತ್ರೆಯ ಸೋಮವಾರ ಹಾಗಲ್ಲ. ನೀವು ನನ್ನ ಹಾಗೆ ಫೋನ್ ಎತ್ತುವ ಮನೆಯವರಾಗಿದ್ದರೆ, ದಯವಿಟ್ಟು ಗುರುವಾರ ಎನ್ನಬೇಡಿ. ಮೆಷಿನ್ ನಿಲ್ಲಿಸಿ, ಅವರನ್ನು ಎಬ್ಬಿಸಿ ಕಳಿಸಿ.